ರೇಷನ್ ದಿನವೇ ಬಿಪಿ ದಿನ

ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರವರ ಬಾಯಲ್ಲಿ ಸಿಸ್ಟರ್, ಅಷ್ಟೇ. ಬಯಲಿನಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಅನ್ನುವುದು ಸರ್ಕಾರದ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಇಲ್ಲಿ ಜನ ಒಂದೇ ಕಡೆ ಇರುವುದಿಲ್ಲ. ನಾಲ್ಕು ಮನೆ ಇಲ್ಲಿ, ಆರು ಮನೆ ಹಳ್ಳದಾಚೆ. ಕುಣಬಿ ಸಮುದಾಯದವರ ಮನೆಗಳು ಒಂದು ದಿಕ್ಕಿಗೆ, ದನ ಸಾಕುವ ಗೌಳಿಗರ ಗೌಳಿವಾಡ ಇನ್ನೊಂದು ದಿಕ್ಕಿಗೆ. ನಡುವೆ ಕಾಡು.

ಹಿಂದುಳಿದ ಜಾಗದ ಆರೋಗ್ಯ ಅಂದ ಕೂಡಲೇ ಡಾಕ್ಟರ್ ಇಲ್ಲ, ಆಂಬುಲೆನ್ಸ್ ಬರಲ್ಲ ಅಂತ ಮಾತು ಶುರುವಾಗುತ್ತದೆ. ಅದೂ ನಿಜವೇ. ನನಗೆ ದಿನಾ ಎದುರಾಗುತ್ತಿದ್ದ ತೊಂದರೆ ಮಾತ್ರ ತೀರಾ ಸಣ್ಣದು: ಬಿಪಿ, ಶುಗರ್ ಇರುವವರ ಮಾತ್ರೆ ಖಾಲಿಯಾಗುವುದು. ಖಾಲಿಯಾದ ಮೇಲೆ ಅವರು ಬರುತ್ತಲೇ ಇರಲಿಲ್ಲ.

ಯಾಕೆ ಅಂತ ಕೇಳಿದರೆ ಒಬ್ಬ ಅಜ್ಜ ಲೆಕ್ಕ ಬಿಡಿಸಿ ಹೇಳಿದರು. "ಸಿಸ್ಟರ್, ಮಾತ್ರೆ ಫ್ರೀ. ಆದರೆ ಅದನ್ನ ತರೋಕೆ ಒಂದು ದಿನದ ಕೂಲಿ ಹೋಗುತ್ತೆ. ಬಸ್ ಚಾರ್ಜ್ ಬೇರೆ. ಕೊಡೋದು ಎಷ್ಟು, ಹದಿನೈದು ದಿನದ್ದು. ಹಾಗಾದ್ರೆ ತಿಂಗಳಿಗೆ ಎರಡು ಕೂಲಿ ಹೋಯ್ತಲ್ಲ?" ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸು ಫ್ರೀ ಆಯ್ತು. ಆದರೆ ನಮ್ಮ ಕಡೆ ಬಸ್ಸೇ ದಿನಕ್ಕೆ ಎರಡು ಹೊತ್ತು. ಬೆಳಿಗ್ಗೆ ಹೋದವರು ಸಂಜೆಯೇ ಮನೆ ಸೇರಬೇಕು. ಮೈಯಲ್ಲಿ ಯಾವ ನೋವೂ ಇಲ್ಲದ ಕಾಯಿಲೆಗೆ ಯಾರು ಅಷ್ಟು ಒದ್ದಾಡುತ್ತಾರೆ?

ಜನ ನಮ್ಮ ಹತ್ತಿರ ಬರುವುದಿಲ್ಲ ಅಂದರೆ ಅವರು ಎಲ್ಲಿಗೆ ತಪ್ಪದೆ ಬರುತ್ತಾರೆ ಅಂತ ನೋಡಬೇಕು. ನಮ್ಮ ಆಶಾ ಕಾರ್ಯಕರ್ತೆಗೆ ಇದರ ಉತ್ತರ ಮೊದಲೇ ಗೊತ್ತಿತ್ತು. ರೇಷನ್ ಅಂಗಡಿ! ತಿಂಗಳಿಗೊಮ್ಮೆ ಅಕ್ಕಿಗೆ ಎಲ್ಲಾ ಮನೆಯಿಂದ ಒಬ್ಬರಾದರೂ ಬರುತ್ತಾರೆ. ಹೆಬ್ಬೆಟ್ಟು ಒತ್ತುವ ಮಷೀನಿಗೆ ನೆಟ್‌ವರ್ಕ್ ಬೇಕು, ನಮ್ಮಲ್ಲಿ ಅದು ಬಂದರೆ ಬಂತು. ಹಾಗಾಗಿ ಜನ ಗಂಟೆಗಟ್ಟಲೆ ಕಟ್ಟೆಯ ಮೇಲೆ ಕಾಯುತ್ತಾ ಕೂತಿರುತ್ತಾರೆ. ಸರ್ವರ್ ನಿಧಾನ ಅಂತ ಎಲ್ಲರೂ ಬೈಯುತ್ತಾರೆ, ನನಗೆ ಅದೇ ಅನುಕೂಲವಾಯಿತು. ರೇಷನ್ ದಿನ ಬಿಪಿ ಮಷೀನ್, ಮಾತ್ರೆ ಹಿಡಿದು ನಾನೂ ಅಲ್ಲಿಗೇ ಹೋಗತೊಡಗಿದೆ.

ಬಿಪಿ ನೋಡುವ ಮೊದಲು ಐದು ನಿಮಿಷವಾದರೂ ಸುಮ್ನೆ ಕೂತಿರಬೇಕು. ಏರು ಹತ್ತಿ ಬಂದವರ ತೋಳಿಗೆ ಕೂಡಲೇ ಪಟ್ಟಿ ಸುತ್ತಿದರೆ ಇಲ್ಲದ ಬಿಪಿಯೂ ಕಾಣುತ್ತದೆ. ಉಪಕೇಂದ್ರದಲ್ಲಿ "ಸ್ವಲ್ಪ ಕೂತ್ಕೊಳ್ಳಿ" ಅಂದರೆ ಬಸ್ಸು ಹೋಗಿಬಿಡುತ್ತೆ ಅನ್ನುವ ಅವಸರ. ಇಲ್ಲಿ ಎಲ್ಲರೂ ಕೂತೇ ಇದ್ದಾರೆ. ಬೆನ್ನಿಗೆ ಗೋಡೆ, ಕಾಲು ನೆಲಕ್ಕೆ, ಕೈ ಪಕ್ಕದ ಚೀಲದ ಮೇಲೆ ಎದೆಯ ಮಟ್ಟಕ್ಕೆ. ಅಂಗಿಯ ತೋಳನ್ನು ಪೂರ್ತಿ ಮೇಲೆ ಸರಿಸಿ ಪಟ್ಟಿ ಕಟ್ಟುತ್ತೇನೆ, ಅಂಗಿಯ ಮೇಲೆ ಕಟ್ಟುವುದಿಲ್ಲ. ಎಲೆ ಅಡಿಕೆ, ತಂಬಾಕು ಹಾಕಿದ್ದರೆ ಅರ್ಧ ಗಂಟೆ ಬಿಟ್ಟು ನೋಡುತ್ತೇನೆ. ಅಕ್ಕಿ ಮೂಟೆ ಎತ್ತುವ ಮೊದಲೇ ನೋಡಿ ಮುಗಿಸಬೇಕು, ಇದೊಂದು ಕಡ್ಡಾಯ.

ಹೊಸದಾಗಿ ಮಾತ್ರೆ ಶುರು ಮಾಡುವುದು ಡಾಕ್ಟರ ಕೆಲಸ. ಅದಕ್ಕೆ ಫೋನಿನಲ್ಲೇ ಡಾಕ್ಟರಿಗೆ ತೋರಿಸುವ ಸರ್ಕಾರದ ಇ-ಸಂಜೀವನಿಯಲ್ಲಿ ರೋಗಿಯನ್ನೇ ಅವರ ಜೊತೆ ಮಾತಾಡಿಸುತ್ತೇನೆ. ಅಂಗಡಿಯ ಹಿಂದಿನ ದಿಬ್ಬದಲ್ಲಿ ಸಿಗ್ನಲ್ ಸಿಗುತ್ತದೆ. ಕುಣಬಿ ಅಜ್ಜಿಯರು ಕೊಂಕಣಿಯಲ್ಲಿ ಹೇಳುತ್ತಾರೆ, ಆಶಾ ಕನ್ನಡಕ್ಕೆ ತರುತ್ತಾಳೆ, ಡಾಕ್ಟರ್ ಆ ಕಡೆಯಿಂದ ಕೇಳುತ್ತಾರೆ. ವಿಡಿಯೊ ನಿಂತರೂ ಮಾತು ಕೇಳಿದರೆ ಸಾಕು. ಮೊದಲಿನಿಂದ ಮಾತ್ರೆ ತೆಗೆದುಕೊಳ್ಳುವವರಿಗೆ ಡಾಕ್ಟರು ಬರೆದಿದ್ದನ್ನು ನಾನೇ ಕೊಡಬಹುದು.

ಹದಿನೈದು ದಿನದ ಮಾತ್ರೆಯನ್ನು ಮೂವತ್ತು ದಿನಕ್ಕೆ ಏರಿಸುವುದೇ ಜಾಸ್ತಿ ಕಷ್ಟವಾಯಿತು. ಬಿಪಿ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವೇ ಕನಿಷ್ಠ 30 ದಿನದ ಮಾತ್ರೆ ಕೊಡಿ ಅನ್ನುತ್ತದೆ. ಸ್ಟಾಕ್ ಬೇಕಲ್ಲ! ಇಂಡೆಂಟ್, ಅಂದರೆ ಔಷಧದ ಬೇಡಿಕೆ, ಹಾಕುವಾಗ ಹಿಂದಿನ ವರ್ಷದ ಖರ್ಚು ನೋಡುತ್ತಿದ್ದರು. ಜನ ಅರ್ಧಕ್ಕೆ ಬಿಟ್ಟಿದ್ದರಿಂದ ಖರ್ಚು ಕಡಿಮೆ. ಖರ್ಚು ಕಡಿಮೆಯಾದ್ದರಿಂದ ಬರುವ ಮಾತ್ರೆ ಕಡಿಮೆ. ಮಾತ್ರೆ ಕಡಿಮೆಯಾದ್ದರಿಂದ ಹದಿನೈದೇ ದಿನದ್ದು ಕೊಡುವುದು. ನಾವು ಹೆಸರುಗಳ ಪಟ್ಟಿ ಮಾಡಿದೆವು. ಇಂಥವರಿಗೆ ಬಿಪಿಯ ಅಮ್ಲೊಡಿಪಿನ್ ದಿನಕ್ಕೆ ಒಂದು, ಇಂಥವರಿಗೆ ಶುಗರ್‌ನ ಮೆಟ್‌ಫಾರ್ಮಿನ್ ಎರಡು, ತಿಂಗಳಿಗೆ ಒಟ್ಟು ಇಷ್ಟು. ಫಾರ್ಮಸಿಸ್ಟ್ ಮುಂದೆ ಆ ಪಟ್ಟಿ ಇಟ್ಟ ಮೇಲೆ ಮಾತು ಬದಲಾಯಿತು. ಆಸ್ಪತ್ರೆಗೆ ಬಂದವರನ್ನು ಎಣಿಸಬಾರದು, ಬರಬೇಕಾದವರನ್ನು ಎಣಿಸಬೇಕು. ಇದನ್ನು ಮಾತ್ರ ನಾನು ಮೀಟಿಂಗ್‌ನಲ್ಲಿ ಪ್ರತಿ ಸಲ ಹೇಳುತ್ತೇನೆ, ಎಲ್ಲರಿಗೂ ಬೇಜಾರಾಗುವಷ್ಟು.

ಮಾತ್ರೆಯನ್ನು ಕಾಗದದ ಕವರಿಗೆ ಹಾಕಿ, ಬೆಳಿಗ್ಗೆಯದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದು ಕೊಡುತ್ತೇವೆ. ಕಂಪನಿ ಬದಲಾದ ಹಾಗೆ ಮಾತ್ರೆ ಸ್ಟ್ರಿಪ್ಪಿನ ಬಣ್ಣ ಬದಲಾಗುತ್ತದೆ. "ಇದು ನನ್ನ ಮಾತ್ರೆ ಅಲ್ಲ" ಅಂತ ಹಾಗೇ ಎತ್ತಿಟ್ಟವರಿದ್ದಾರೆ. ಅದಕ್ಕೇ ಹಳೇ ಸ್ಟ್ರಿಪ್ ತಂದು ತೋರಿಸಿದರೆ ಹೊಸದು ಅಂತ ನಿಯಮ ಮಾಡಿದೆವು. ಎಷ್ಟು ಉಳಿದಿದೆ ನೋಡಿದರೆ ಸಾಕು, ಎಲ್ಲಾ ತಿಳಿಯುತ್ತದೆ. ಬಿಪಿ ಸರಿಯಾಯ್ತು ಅಂತ ಮಾತ್ರೆ ಬಿಡುವವರೇ ಜಾಸ್ತಿ. ಮಾತ್ರೆಯಿಂದಲೇ ಸರಿ ಇರೋದು ಅಜ್ಜಿ, ಅಂತ ಪ್ರತಿ ತಿಂಗಳೂ ಹೇಳಬೇಕು.

ಮಳೆಗಾಲದ್ದು ಬೇರೆಯೇ ಕತೆ. ಜೂನ್‌ನಲ್ಲಿ ಹಳ್ಳ ತುಂಬಿದರೆ ಕಾಲುಸಂಕವೇ (ನಡೆದು ದಾಟುವ ಸಣ್ಣ ಸೇತುವೆ) ದಾರಿ, ಅದೂ ಕೆಲವು ಸಲ ಕೊಚ್ಚಿ ಹೋಗುತ್ತದೆ. ಸಂಕದಾಚೆಯ ಮನೆಗಳಿಗೆ ಡಾಕ್ಟರ ಒಪ್ಪಿಗೆ ಪಡೆದು ಮೇ ಕೊನೆಯಲ್ಲೇ ಎರಡು ತಿಂಗಳ ಮಾತ್ರೆ ಕೊಡುತ್ತೇವೆ. ತಾಯಿ ಕಾರ್ಡ್ ನೋಡಿ, ಜುಲೈ, ಆಗಸ್ಟ್‌ನಲ್ಲಿ ಹೆರಿಗೆ ಇರುವವರನ್ನು ರಸ್ತೆ ಹತ್ತಿರದ ನೆಂಟರ ಮನೆಗೆ ಮೊದಲೇ ಕಳಿಸಿ ಅಂತ ಮನೆಯವರಿಗೆ ಹೇಳುತ್ತೇವೆ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಅಲ್ಲಾಡಿಸದೆ ಕರೆತನ್ನಿ ಅಂತ ರೇಷನ್ ಅಂಗಡಿಯ ಗೋಡೆಗೇ ಅಂಟಿಸಿದ್ದೇವೆ. ಕೆಳಗೆ ಜೀಪ್ ಇರುವವರ ಫೋನ್ ನಂಬರ್. 108 ಬರುವುದು ಡಾಂಬರು ರಸ್ತೆವರೆಗೆ, ಅಲ್ಲಿಗೆ ತಲುಪಿಸುವವರು ಇವರೇ.

ಅಕ್ಕಿಗೆ ಮಗನನ್ನು ಕಳಿಸಿ ತಾವು ಮನೆಯಲ್ಲೇ ಉಳಿಯುವವರು ಇನ್ನೂ ಇದ್ದಾರೆ. ಗೌಳಿವಾಡದ ಗಂಡಸರು ದನ ಹೊಡೆದುಕೊಂಡು ಹೋದರೆ ಸಂಜೆಯವರೆಗೆ ಸಿಗುವುದಿಲ್ಲ. ಮಾರನೇ ದಿನ ಆ ಮನೆಗಳಿಗೆ ಆಶಾ ನಡೆದೇ ಹೋಗುತ್ತಾಳೆ. ಸಭೆಗಳಲ್ಲಿ ಅವಳಿಗೆ ಶಾಲು ಹೊದಿಸುತ್ತಾರೆ. ಪ್ರೋತ್ಸಾಹಧನ ಸರಿಯಾದ ಸಮಯಕ್ಕೆ ಕೊಟ್ಟರೆ ಶಾಲು ಇಲ್ಲದಿದ್ದರೂ ನಡೆಯುತ್ತೆ ಅಂತ ಅವಳೇ ನಗುತ್ತಾಳೆ.

ನಮ್ಮಂಥ ಮಳೆಯ ಊರಲ್ಲಿ ಇದನ್ನು ಶುರುಮಾಡುವವರಿದ್ದರೆ, ಶುಗರ್ ನೋಡುವ ಸ್ಟ್ರಿಪ್ ಡಬ್ಬಿಯ ಮುಚ್ಚಳ ಕೂಡಲೇ ಹಾಕಿ. ತೇವ ತಗುಲಿದರೆ ರೀಡಿಂಗ್ ನಂಬುವ ಹಾಗಿಲ್ಲ. ಬಿಪಿ ಮಷೀನಿಗೆ ಒಂದು ಜೊತೆ ಸೆಲ್ ಜಾಸ್ತಿ ಇಟ್ಟುಕೊಳ್ಳಿ. ರೇಷನ್ ಅಂಗಡಿಯವರಿಗೆ ಹಿಂದಿನ ದಿನವೇ ಫೋನ್ ಮಾಡಿ, ಅಕ್ಕಿ ಲಾರಿ ಬಂದಿದೆಯಾ ಅಂತ ಕೇಳಿಕೊಂಡೇ ಹೊರಡಿ.