ಸ್ಟ್ರೀಟ್ ಫೈಟರ್ 6: ಬ್ಲಾಕ್ ಹಿಡಿದು ಕೂತವರನ್ನು ಬಿಚ್ಚಿಸುವುದು ಹೇಗೆ

ಸ್ಟ್ರೀಟ್ ಫೈಟರ್ 6 ಇಬ್ಬರು ಎದುರುಬದುರಾಗಿ ಹೊಡೆದಾಡುವ ವೀಡಿಯೊ ಗೇಮ್. ಅದರಲ್ಲಿ ಕೂತು ಬ್ಲಾಕ್ ಮಾಡುವವರ (ಹೊಡೆತ ತಡೆಯುವವರ) ಮೇಲೆ ಹೊಡೆತದ ಮೇಲೆ ಹೊಡೆತ ಹಾಕಿದರೆ ಬ್ಲಾಕ್ ಒಡೆಯುವುದಿಲ್ಲ. ಒಂದೊಂದು ಬ್ಲಾಕಿಗೂ ನಿಮ್ಮಿಬ್ಬರ ನಡುವಿನ ಅಂತರ ಹೆಚ್ಚುತ್ತದೆ, ಕೊನೆಗೆ ಸರದಿ ಅವರದಾಗುತ್ತದೆ. ಒಡೆಯುವ ಕೆಲಸ ಮಾಡುವುದು ಥ್ರೋ, ಅಂದರೆ ಹತ್ತಿರದಿಂದ ಹಿಡಿದು ಎಸೆಯುವುದು. ಆದರೆ ಥ್ರೋ ಹಾಕುವ ಮೊದಲು ಎದುರಾಳಿಗೆ ಹೊಡೆತದ ಭಯ ಇರಬೇಕು. ಹಾಗಾಗಿ ನಾನು ಮೊದಲ ರೌಂಡಿನಲ್ಲಿ ಹೊಡೆತಗಳನ್ನೇ ತೋರಿಸುತ್ತೇನೆ. ಅವರು ನಡುವೆ ಜಾಬ್ (ಹಗುರವಾದ, ವೇಗದ ಪಂಚ್) ಒತ್ತಿ ಪೆಟ್ಟು ತಿಂದ ಮೇಲೆಯೇ ಥ್ರೋ ಶುರು.

ಲೆಕ್ಕ ಸರಳ. ಆಟದಲ್ಲಿ ಸಮಯ ಅಳೆಯುವುದು ಫ್ರೇಮಿನಲ್ಲಿ, ಸೆಕೆಂಡಿಗೆ 60 ಫ್ರೇಮ್. ಥ್ರೋ 5ನೇ ಫ್ರೇಮಿಗೆ ಹಿಡಿಯುತ್ತದೆ, ವೇಗದ ಜಾಬ್ 4ನೇ ಫ್ರೇಮಿಗೆ ತಾಗುತ್ತದೆ. ಸಮಸಮ ಇದ್ದರೆ ಜಾಬೇ ಗೆಲ್ಲುತ್ತದೆ. ಬ್ಲಾಕಿನ ನಂತರ ನಿಮಗೆ 2 ಫ್ರೇಮ್ ಮುನ್ನಡೆ ಇದ್ದರೆ ಥ್ರೋ ಅವರ 3ನೇ ಫ್ರೇಮಿಗೇ ಬರುತ್ತದೆ. ಈ ಮುನ್ನಡೆ ಸಿಗುವ ಸುಲಭ ದಾರಿ ಡ್ರೈವ್ ರಷ್ (ಮುನ್ನುಗ್ಗುವ ಓಟ): ಅದರಿಂದ ಬಂದ ಸಾಮಾನ್ಯ ಪಂಚ್, ಕಿಕ್, ಅಂದರೆ ನಾರ್ಮಲ್‌ಗೆ 4 ಫ್ರೇಮ್ ಹೆಚ್ಚು ಸಿಗುತ್ತದೆ. ಪ್ಯಾರಿಯಿಂದ (ಬಂದ ಹೊಡೆತವನ್ನು ನುಂಗಿಕೊಳ್ಳುವ ಭಂಗಿಯಿಂದ) ಓಡಿದರೆ ಡ್ರೈವ್ ಗೇಜಿನ (ಇಂಥ ಚಲನೆಗಳಿಗೆ ಖರ್ಚಾಗುವ ಶಕ್ತಿಪಟ್ಟಿಯ) 1 ಕಡ್ಡಿ ಖರ್ಚು, ಹೊಡೆತವನ್ನು ಕ್ಯಾನ್ಸಲ್ ಮಾಡಿ (ಮುಗಿಯುವ ಮೊದಲೇ ಕಡಿದು) ಓಡಿದರೆ 3. ಇರುವುದೇ 6, ಆದ್ದರಿಂದ ನನ್ನ ಮಟ್ಟಿಗೆ ಎರಡನೆಯದು ಥ್ರೋ ಆಸೆಗೆ ತುಂಬಾ ದುಬಾರಿ.

ಥ್ರೋ ಎರಡು ಸಲ ತಾಗಿದ ಮೇಲೆ ಜಾಣರು ಕೂತು ಬ್ಲಾಕ್ ಹಿಡಿದು, ಸ್ವಲ್ಪ ತಡವಾಗಿ ಲೈಟ್ ಪಂಚ್, ಲೈಟ್ ಕಿಕ್ ಒಟ್ಟಿಗೆ, ಅಂದರೆ ಥ್ರೋ ಬಟನ್ನುಗಳನ್ನು, ಒತ್ತುತ್ತಾರೆ. ಹೊಡೆತ ಬಂದರೆ ಬ್ಲಾಕ್, ಥ್ರೋ ಬಂದರೆ ಟೆಕ್, ಅಂದರೆ ಥ್ರೋ ಬಿಡಿಸಿಕೊಳ್ಳುವುದು. ಇಲ್ಲಿಗೆ ಶಿಮ್ಮಿ: ಥ್ರೋ ಮಾಡುವವರಂತೆ ಮುಂದೆ ನಡೆದು, ಥ್ರೋ ಅಂತರದ ಅಂಚಿನಿಂದ ಹಿಂದಕ್ಕೆ ಸರಿಯುವುದು. ಅವರ ಥ್ರೋ ಗಾಳಿಗೆ ಹೋಗುತ್ತದೆ, ಚೇತರಿಸಿಕೊಳ್ಳಲು 20 ಫ್ರೇಮಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ಹೆವಿ ಪಂಚಿನಿಂದ ಪನಿಶ್ ಕೌಂಟರ್ (ತಪ್ಪಿದವರಿಗೆ ಬೀಳುವ ಹೆಚ್ಚಿನ ಪೆಟ್ಟು), ಅಲ್ಲಿಂದ ಪೂರ್ತಿ ಕಾಂಬೊ (ಹೊಡೆತಗಳ ಸರಣಿ). ತಪ್ಪುವುದು ಎರಡು ಕಡೆ. ತೀರಾ ಹತ್ತಿರ ನಿಂತರೆ ಅವರ ಥ್ರೋ ನಿಮ್ಮನ್ನೇ ಹಿಡಿಯುತ್ತದೆ. ಬೇಗ ಹಿಂದೆ ಸರಿದರೆ ಮುಂದೆ ಬಂದಿದ್ದೇ ಅವರಿಗೆ ಕಾಣುವುದಿಲ್ಲ, ಹೆದರಿ ಒತ್ತುವುದೂ ಇಲ್ಲ. ಜಂಗೀಫ್ ತರಹ ನಿಧಾನ ನಡಿಗೆಯ ಪಾತ್ರ ಆಡುವವರಿಗೆ ಶಿಮ್ಮಿ ಕಷ್ಟ. ಜಂಗೀಫ್ ಬಳಿ ಟೆಕ್ ಆಗದ ಕಮಾಂಡ್ ಥ್ರೋ (ವಿಶೇಷ ಬಟನ್ ಕ್ರಮದಿಂದ ಬರುವ ಥ್ರೋ) ಇದೆಯಲ್ಲ, ಅದಕ್ಕೆ ಸಮಾಧಾನ ಪಟ್ಟುಕೊಳ್ಳಬೇಕು.

ಪ್ಯಾರಿ ಹಿಡಿದೇ ನಿಲ್ಲುವವರಿಗೆ ಶಿಮ್ಮಿ ಬೇಡ, ಥ್ರೋ ಸಾಕು: ಪ್ಯಾರಿಯಲ್ಲಿರುವಾಗ ತಾಗಿದ ಥ್ರೋ ಪನಿಶ್ ಕೌಂಟರ್ ಆಗಿ 1200ರ ಬದಲು 2040 ಡ್ಯಾಮೇಜ್ ಕೊಡುತ್ತದೆ.

ಅಭ್ಯಾಸಕ್ಕೆ ಟ್ರೈನಿಂಗ್ ಮೋಡಿನಲ್ಲಿ ಡಮ್ಮಿಗೆ ಮೂರು ರೆಕಾರ್ಡಿಂಗ್ ಕೊಡಿ: ಬ್ಲಾಕ್ ಮಾಡಿ ತಡವಾದ ಟೆಕ್, ಬ್ಲಾಕ್ ಮಾಡಿ ಜಾಬ್, ಬ್ಲಾಕ್ ಮಾಡಿ ಹಿಂದಕ್ಕೆ ಜಂಪ್. ಯಾವುದು ಬರುತ್ತದೆ ಎಂದು ಗೊತ್ತಾಗದಂತೆ ರ್‍ಯಾಂಡಮ್ ಇಡಿ. ಜಂಪ್ ಮಾಡಿದಾಗ ಥ್ರೋ ತಪ್ಪುತ್ತದೆ, ಅದಕ್ಕೆ ಉತ್ತರ ಮತ್ತೆ ಹೊಡೆತವೇ.

ಎದುರಾಳಿಯ ಡ್ರೈವ್ ಗೇಜ್ ಖಾಲಿಯಾಗಿ ಬರ್ನ್‌ಔಟ್ ಆದರೆ ಲೆಕ್ಕ ಬದಲು. ಪ್ಯಾರಿ, ಡ್ರೈವ್ ಇಂಪ್ಯಾಕ್ಟ್ (ಡ್ರೈವ್ ಗೇಜಿನಿಂದ ಹಾಕುವ ಭಾರಿ ಹೊಡೆತ) ಎರಡೂ ಹೋಗುತ್ತವೆ, ಬ್ಲಾಕ್ ಮಾಡಿದಾಗ 4 ಫ್ರೇಮ್ ಹೆಚ್ಚು ಸಿಕ್ಕಿಬೀಳುತ್ತಾರೆ. ಮೂಲೆಯಲ್ಲಿ ನಿಮ್ಮ ಡ್ರೈವ್ ಇಂಪ್ಯಾಕ್ಟನ್ನು ಬ್ಲಾಕ್ ಮಾಡಿದರೂ ಸ್ಟನ್, ಅಂದರೆ ಕೆಲ ಹೊತ್ತು ಏನೂ ಮಾಡಲಾಗದ ಸ್ಥಿತಿ. ಆದರೆ ಅದಕ್ಕೆ ಸ್ಟಾರ್ಟಪ್ (ಒತ್ತಿದ ಮೇಲೆ ತಾಗುವವರೆಗಿನ ಸಮಯ) 26 ಫ್ರೇಮ್. ಬರಿದೇ ಹಾಕಿದರೆ ಜಂಪ್ ಮಾಡಿ ತಪ್ಪಿಸಿಕೊಳ್ಳುತ್ತಾರೆ. ಬ್ಲಾಕ್ ಆದ ಹೆವಿ ಹೊಡೆತದಿಂದ ಕ್ಯಾನ್ಸಲ್ ಮಾಡಿ ಹಾಕಿ. ಎಲ್ಲ ಹೆವಿಗೂ ನಡುವೆ ಸಂದಿ ಮುಚ್ಚುವುದಿಲ್ಲ, ನಿಮ್ಮ ಪಾತ್ರದ್ದನ್ನು ಟ್ರೈನಿಂಗ್ ಮೋಡಿನ ಫ್ರೇಮ್ ಮೀಟರಿನಲ್ಲಿ ನೋಡಿ. ಒತ್ತುವ ಮುಂಚೆ ಅವರ ಸೂಪರ್ (ದೊಡ್ಡ ವಿಶೇಷ ದಾಳಿ) ಗೇಜಿನತ್ತ ಒಮ್ಮೆ ಕಣ್ಣು ಹಾಯಿಸಿ. ಬರ್ನ್‌ಔಟ್ ಆದರೂ ಸೂಪರ್ ಅವರ ಕೈಯಲ್ಲೇ ಇರುತ್ತದೆ.