ಕೋಲು, ದಾರ, ಎಲ್‌ಇಡಿ: ಗಾಳಿ ತಡೆದ ಬಿಸಿಲನ್ನು ಅಳೆಯುವುದು

ವಾತಾವರಣದ ಮೇಲಂಚಿಗೆ ಬರುವ ಬಿಸಿಲು ಚದರ ಮೀಟರಿಗೆ ಸುಮಾರು 1361 ವ್ಯಾಟ್. ನೆಲ ಮುಟ್ಟುವಷ್ಟರಲ್ಲಿ ಅದರ ಒಂದು ಪಾಲನ್ನು ಗಾಳಿ ಚದುರಿಸಿ, ಹೀರಿ ಮುಗಿಸಿರುತ್ತದೆ. ಆ ಪಾಲನ್ನು ಅಳೆಯಲು ನಾನು ಬಳಸುವುದು ಹಸಿರು ಎಲ್‌ಇಡಿ, ಮೈಕ್ರೋಆಂಪಿಯರ್ ತೋರಿಸುವ ಮಲ್ಟಿಮೀಟರ್, 20 ಸೆಂ.ಮೀ. ಕೊಳವೆ, 1 ಮೀಟರ್ ಕೋಲು ಮತ್ತು ದಾರ.

ಬೆಳಕು ಬಿದ್ದರೆ ಎಲ್‌ಇಡಿ ತಾನೇ ಕರೆಂಟು ಕೊಡುತ್ತದೆ, ಅದೂ ಬಣ್ಣಗಳ ಒಂದು ಕಿರಿದಾದ ಪಟ್ಟಿಗೆ ಮಾತ್ರ. ಸೋಲಾರ್ ಸೆಲ್ ಈ ಕೆಲಸಕ್ಕೆ ಆಗದು. ಅದು ಕೆಂಪಿನಾಚೆಯ ಬೆಳಕನ್ನೂ ಹಿಡಿಯುವುದರಿಂದ ನೀರಾವಿಯ ಹೀರಿಕೆಯೂ ಸೇರಿ ಲೆಕ್ಕ ಕೆಡುತ್ತದೆ. ಎಲ್‌ಇಡಿಯ ಗುಮ್ಮಟವನ್ನು ಮರಳು ಕಾಗದದಲ್ಲಿ ಉಜ್ಜಿ ಚಪ್ಪಟೆ ಮಾಡಿ. ಇಲ್ಲದಿದ್ದರೆ ಕೊಳವೆ ಕೊಂಚ ವಾಲಿದರೂ ರೀಡಿಂಗ್ ಜಿಗಿಯುತ್ತದೆ. ಎಲ್‌ಇಡಿಯನ್ನು ಕೊಳವೆಯ ತಳದಲ್ಲಿ ಕೂರಿಸಿ ಮಲ್ಟಿಮೀಟರಿಗೆ ಜೋಡಿಸಿ. ಕೊಳವೆಯ ಒಳಗೆ ಕಪ್ಪು ಕಾಗದ, ಬಾಯಿಗೆ 8 ಮಿ.ಮೀ. ತೂತು: ಸುತ್ತಲ ಆಕಾಶದ ಬೆಳಕು ಒಳನುಗ್ಗಬಾರದು.

ಗುರಿ ಹಿಡಿಯಲು ಸೂರ್ಯನನ್ನು ನೋಡಲೇಬೇಡಿ. ಕೊಳವೆಯ ಹಿಂದೆ ರಟ್ಟು ಹಿಡಿಯಿರಿ; ಅದರ ಮೇಲೆ ಬೀಳುವ ನೆರಳು ಕುಗ್ಗಿ ಗುಂಡಗಾದರೆ ಗುರಿ ಸರಿ. ಮೆಲ್ಲಗೆ ಅಲುಗಿಸಿ ಅತಿ ಹೆಚ್ಚಿನ ರೀಡಿಂಗ್ ಬರೆದುಕೊಳ್ಳಿ. ತೂತು ಮುಚ್ಚಿದಾಗ ಬರುವ ರೀಡಿಂಗನ್ನು ಅದರಿಂದ ಕಳೆಯಿರಿ.

ಈಗ ಕೋಲು. ಸಮತಟ್ಟಾದ ನೆಲದಲ್ಲಿ ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಅದರ ತುದಿಯಿಂದ ನೆರಳಿನ ತುದಿಗೆ ದಾರ ಎಳೆಯಿರಿ. ದಾರದ ಉದ್ದ ಮೀಟರಿನಲ್ಲಿ ಎಷ್ಟೋ, ಏರ್ ಮಾಸ್ ಅಷ್ಟೇ. ಅಂದರೆ ನೆತ್ತಿಯ ಮೇಲಿನ ಗಾಳಿಯ ಎಷ್ಟು ಪಟ್ಟನ್ನು ಬೆಳಕು ದಾಟಿ ಬಂದಿದೆ ಎಂಬ ಸಂಖ್ಯೆ. ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದರೆ ದಾರ ಸರಿಯಾಗಿ 2 ಮೀಟರ್. 5 ದಾಟಿದ ಮೇಲೆ ನಾನು ಅಳೆಯುವುದಿಲ್ಲ: ಅಲ್ಲಿ ನೆರಳಿನ ತುದಿ ಒಂದು ಗೇಣಿನಷ್ಟು ಮಸುಕಾಗಿರುತ್ತದೆ. ದಿಗಂತದ ಹತ್ತಿರವಂತೂ ಭೂಮಿಯ ಬಾಗು, ಬೆಳಕಿನ ವಕ್ರೀಭವನ ಸೇರಿ ಈ ಸರಳ ಲೆಕ್ಕವೇ ಸುಳ್ಳಾಗುತ್ತದೆ.

ಗಡಿಯಾರ ನೋಡಿ ಅರ್ಧ ಗಂಟೆಗೊಮ್ಮೆ ಅಳೆಯುವುದು ಸಾಮಾನ್ಯ ತಪ್ಪು. ಬೆಳಿಗ್ಗೆ ಏರ್ ಮಾಸ್ ಸರಸರನೆ ಇಳಿಯುತ್ತದೆ. ದಾರ ಅರ್ಧ ಮೀಟರ್ ಕುಗ್ಗಿದಾಗಲೆಲ್ಲ ಒಂದು ರೀಡಿಂಗ್ ತೆಗೆಯಿರಿ.

ರೀಡಿಂಗಿನ ಸ್ವಾಭಾವಿಕ ಲಾಗರಿದಮ್ಮನ್ನು ಏರ್ ಮಾಸ್‌ಗೆ ಎದುರಾಗಿ ಗ್ರಾಫಿನಲ್ಲಿ ಗುರುತಿಸಿದರೆ ಇಳಿಜಾರಿನ ಗೆರೆ ಬರಬೇಕು. ಉದಾಹರಣೆಗೆ ಏರ್ ಮಾಸ್ 4ರಲ್ಲಿ 6 ಮೈಕ್ರೋಆಂಪಿಯರ್, 2ರಲ್ಲಿ 11 ಬಂತೆನ್ನಿ. ಗೆರೆಯನ್ನು ಏರ್ ಮಾಸ್ ಸೊನ್ನೆಯವರೆಗೆ ಎಳೆದು, ಅಲ್ಲಿನ ಲಾಗರಿದಮ್ಮನ್ನು ಮತ್ತೆ ಕರೆಂಟಿಗೆ ತಿರುಗಿಸಿದರೆ 20.2 ಮೈಕ್ರೋಆಂಪಿಯರ್: ವಾತಾವರಣದ ಹೊರಗಿಟ್ಟಿದ್ದರೆ ಇದೇ ಎಲ್‌ಇಡಿ ಕೊಡುತ್ತಿದ್ದ ಕರೆಂಟು. ಗೆರೆಯ ಇಳಿಜಾರು 0.30: ಗಾಳಿ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ ಇದೇ. ಸಮುದ್ರಮಟ್ಟದಲ್ಲಿ ಹಸಿರು ಬೆಳಕಿಗೆ ಇದರಲ್ಲಿ ಸುಮಾರು 0.12 ಗಾಳಿಯ ಅಣುಗಳದ್ದೇ ಪಾಲು. ಉಳಿದದ್ದರಲ್ಲಿ ಓಝೋನಿನ ಸಣ್ಣ ಪಾಲು ಬಿಟ್ಟರೆ ಧೂಳು, ಹೊಗೆ, ಮಬ್ಬು. ನೀಲಿ ಎಲ್‌ಇಡಿಯಲ್ಲಿ ಅಣುಗಳ ಪಾಲು ಏರುತ್ತದೆ, ಕೆಂಪಿನಲ್ಲಿ ತೀರಾ ಇಳಿಯುತ್ತದೆ.

ಗೆರೆ ಬಾಗಿದರೆ ಉಪಕರಣವನ್ನು ಬೈಯುವ ಮೊದಲು ಆಕಾಶ ನೋಡಿ. ಕಣ್ಣಿಗೆ ಬೀಳದಷ್ಟು ತೆಳುವಾದ ಎತ್ತರದ ಮೋಡ ಸಾಕು ಕೆಡಿಸಲು. ಮಧ್ಯಾಹ್ನ ಕಾದ ನೆಲದಿಂದ ಧೂಳು ಮೇಲೇಳುವುದರಿಂದ ನಾನು ಬೆಳಗಿನ ರೀಡಿಂಗುಗಳನ್ನೇ ನಂಬುತ್ತೇನೆ. ಬಿಂದುಗಳು ಗೆರೆ ಬಿಟ್ಟು ಕ್ರಮೇಣ ಒಂದೇ ಕಡೆ ಸರಿಯುತ್ತಿದ್ದರೆ ಎಲ್‌ಇಡಿ ಕಾದಿರಬಹುದು. ರೀಡಿಂಗುಗಳ ನಡುವೆ ಅದನ್ನು ನೆರಳಿನಲ್ಲಿಡಿ.