ಟೂಸಾನ್‌ನಲ್ಲಿ ಸಿಕ್ಕ ಬೆಂಗಳೂರಿನ ಬಾಂಬರ್

ಹಳೆಯ ಮಿಲಿಟರಿ ವಿಮಾನಗಳ ಹುಚ್ಚು ಇರುವವರು ಅಮೆರಿಕಕ್ಕೆ ಬಂದರೆ ಒಂದು ಇಡೀ ದಿನವನ್ನು ಅರಿಜೋನಾದ ಟೂಸಾನ್‌ಗೆ ಎತ್ತಿಡಬೇಕು. ಅಲ್ಲಿ ಎರಡು ಜಾಗಗಳು ಎದುರುಬದುರಾಗಿ ಇವೆ. ವ್ಯಾಲೆನ್ಸಿಯಾ ರಸ್ತೆಯ ಒಂದು ಕಡೆ ಪಿಮಾ ಏರ್ ಅಂಡ್ ಸ್ಪೇಸ್ ಮ್ಯೂಸಿಯಂ. ಸುಮಾರು 400 ವಿಮಾನಗಳು ಅಲ್ಲಿವೆ. ಇನ್ನೊಂದು ಕಡೆ ಡೇವಿಸ್-ಮಾಂಥನ್ ವಾಯುನೆಲೆಯ ಉಗ್ರಾಣ, ಸೇವೆಯಿಂದ ತೆಗೆದ ಮಿಲಿಟರಿ ವಿಮಾನಗಳನ್ನು ಇಡುವ ಜಾಗ. ಗೋಡೆ ಇಲ್ಲ, ಚಾವಣಿ ಇಲ್ಲ. 2,600 ಎಕರೆ ಬಯಲಿನಲ್ಲಿ ವಿಮಾನಗಳು ಸಾಲುಸಾಲಾಗಿ ನಿಂತಿವೆ.

ನಾನು ಇರುವುದು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಐ-10 ಹೆದ್ದಾರಿ ಹಿಡಿದರೆ ಎರಡು ಗಂಟೆಯೂ ಬೇಡ. ದಾರಿಯಲ್ಲಿ ಪಿನಾಲ್ ಏರ್‌ಪಾರ್ಕ್ ಎಂಬ ಇನ್ನೊಂದು ಜಾಗ ಸಿಗುತ್ತದೆ. ಅಲ್ಲಿರುವುದು ಹೆಚ್ಚಾಗಿ ಕೆಲಸ ಮುಗಿಸಿದ ಪ್ರಯಾಣಿಕ ವಿಮಾನಗಳು. ಸಮಯ ಕಡಿಮೆ ಇದ್ದರೆ ಅದನ್ನು ಬಿಟ್ಟುಬಿಡಿ. ಹೋಗುವುದಾದರೆ ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಜೂನ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮ್ಯೂಸಿಯಂ ಕೂಡ ಬೇಗ ಮುಚ್ಚುತ್ತದೆ. ವಿಮಾನಗಳಲ್ಲಿ ಹೆಚ್ಚಿನವು ಹೊರಗೆ ಬಯಲಿನಲ್ಲೇ ಇರುವುದರಿಂದ ಟೋಪಿ ಮತ್ತು ನೀರು ಮರೆಯುವಂತಿಲ್ಲ.

ತಯಾರಿ ಬಗ್ಗೆ ಒಂದು ಮಾತು. 400 ವಿಮಾನವನ್ನೂ ನೋಡ್ತೀನಿ ಅಂತ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಒಂದೇ ತರ ಕಾಣತೊಡಗುತ್ತವೆ. ನಾನು ಮೊದಲೇ ಕೂತು ನನಗೆ ಬೇಕಾದ ಕೆಲವನ್ನು ಮಾತ್ರ ಆರಿಸಿ, ಹೆಸರಿನ ಪಕ್ಕದಲ್ಲಿ ಸೀರಿಯಲ್ ನಂಬರ್ ಬರೆದುಕೊಳ್ಳುತ್ತೇನೆ. ಈ ನಂಬರ್ ತುಂಬಾ ಮುಖ್ಯ. ಮ್ಯೂಸಿಯಂಗಳು ವಿಮಾನಕ್ಕೆ ತಮಗೆ ಇಷ್ಟ ಬಂದ ಬಣ್ಣ ಬಳಿಯುತ್ತವೆ, ಯಾವುದೋ ಹೆಸರಾಂತ ದಳದ ಗುರುತು ಹಾಕುತ್ತವೆ. ಆದ್ದರಿಂದ ಬಣ್ಣವನ್ನು ನಂಬಿ ಫೋಟೋ ತೆಗೆದುಕೊಂಡು ಬಂದರೆ ಅರ್ಧ ಕಥೆ ತಪ್ಪಿಹೋಗುತ್ತದೆ.

ನಂಬರ್ ಓದುವುದು ಸುಲಭ. ಅಮೆರಿಕದ ವಾಯುಪಡೆಯ ಸೀರಿಯಲ್‌ನಲ್ಲಿ ಮೊದಲ ಎರಡು ಅಂಕಿ ಆ ವಿಮಾನ ಯಾವ ಹಣಕಾಸು ವರ್ಷದ ಆರ್ಡರಿನದು ಎಂದು ಹೇಳುತ್ತವೆ. ಹಳೆಯ ವಿಮಾನಗಳ ಬಾಲದ ಮೇಲೆ ಬರೆಯುವಾಗ ವರ್ಷದ ಮೊದಲ ಅಂಕಿಯನ್ನು ಬಿಡುತ್ತಿದ್ದರು. ಅಂದರೆ 44-44175 ಎಂಬುದು ಬಾಲದಲ್ಲಿ 444175 ಆಗುತ್ತದೆ.

ಸುಮ್ನೆ ಉದಾಹರಣೆಗೆ ಕೊಟ್ಟ ನಂಬರ್ ಅಲ್ಲ ಇದು. ನಾನು ಟೂಸಾನ್‌ಗೆ ಹೋಗಿದ್ದೇ ಇದಕ್ಕಾಗಿ. ಈ ನಂಬರಿನದು ನಾಲ್ಕು ಎಂಜಿನ್‌ಗಳ ಬಿ-24 ಲಿಬರೇಟರ್, ಎರಡನೇ ಮಹಾಯುದ್ಧದ ಭಾರಿ ಬಾಂಬರ್. ಮ್ಯೂಸಿಯಂನ ಹ್ಯಾಂಗರ್ ಒಳಗಿದೆ. ಮೂಗಿನ ಬಳಿ ‘ಬಂಗೇ ಬಕರೂ’ ಎಂದು ಬರೆದಿದ್ದಾರೆ. ಬಂಗೇ ಇಂಗ್ಲೆಂಡಿನ ಒಂದು ಊರು. ಅಲ್ಲಿಂದ ಜರ್ಮನಿಯ ಮೇಲೆ ಹಾರುತ್ತಿದ್ದ 446ನೇ ಬಾಂಬ್ ಗ್ರೂಪ್‌ನ ನೆನಪಿಗೆ ಆ ಹೆಸರು. ಆದರೆ ಈ ವಿಮಾನ ಆ ದಳದ್ದಲ್ಲ. ಇದು ಬ್ರಿಟಿಷ್ ವಾಯುಪಡೆಗೆ ಹೋಗಿ, ಅಲ್ಲಿಂದ ಭಾರತಕ್ಕೆ ಬಂದದ್ದು.

ಯುದ್ಧ ಮುಗಿದಾಗ ಬ್ರಿಟಿಷರ ಬಳಿ ಇದ್ದ ಲಿಬರೇಟರ್‌ಗಳು ಅಮೆರಿಕ ಲೆಂಡ್-ಲೀಸ್ ಎಂಬ ಯುದ್ಧಕಾಲದ ಎರವಲು ಒಪ್ಪಂದದಲ್ಲಿ ಕೊಟ್ಟವು. ವಾಪಸ್ ಕೊಡಬೇಕು, ಇಲ್ಲವೇ ನಾಶ ಮಾಡಬೇಕು. ಭಾರತದಲ್ಲಿದ್ದವನ್ನು ಕಾನ್ಪುರದಲ್ಲಿ ಗುಡ್ಡೆ ಹಾಕಿ, ಮತ್ತೆ ಹಾರದ ಹಾಗೆ ಹಾಳು ಮಾಡಿ ಬಿಟ್ಟುಹೋದರು. ಸ್ವಾತಂತ್ರ್ಯ ಬಂದ ಮೇಲೆ ಕಾಶ್ಮೀರದ ಯುದ್ಧದ ಹೊತ್ತಿನಲ್ಲಿ ನಮ್ಮ ವಾಯುಪಡೆಗೆ ದೊಡ್ಡ ಬಾಂಬರ್‌ಗಳು ಬೇಕಿದ್ದವು. ಹೊಸದು ಕೊಳ್ಳುವ ದುಡ್ಡೂ ಇಲ್ಲ, ಸಮಯವೂ ಇಲ್ಲ. ಆಗ ಬೆಂಗಳೂರಿನ ಎಚ್‌ಎಎಲ್ ಕಣ್ಣು ಆ ಗುಡ್ಡೆಯ ಮೇಲೆ ಬಿತ್ತು.

ಎಚ್‌ಎಎಲ್ ಕೆಲಸಗಾರರು ಕಾನ್ಪುರದಲ್ಲಿ ಒಂದೊಂದೇ ವಿಮಾನವನ್ನು ಹೇಗೋ ಹಾರುವಷ್ಟಕ್ಕೆ ಸರಿಮಾಡಿದರು. ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಸುಮಾರು 1,500 ಕಿಲೋಮೀಟರ್ ದೂರ! ಯಾರೋ ಬೇಕೆಂದೇ ಹಾಳು ಮಾಡಿದ ವಿಮಾನದಲ್ಲಿ, ಅರೆಬರೆ ರಿಪೇರಿಯ ಮೇಲೆ. ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ, ಕಟ್ಟಿ, ವಾಯುಪಡೆಗೆ ಕೊಟ್ಟರು. ಹೀಗೆ ನಲವತ್ತರ ಆಸುಪಾಸು ಲಿಬರೇಟರ್‌ಗಳು ಮತ್ತೆ ಹಾರಿದವು. 1948ರ ನವೆಂಬರ್‌ನಲ್ಲಿ 5ನೇ ಸ್ಕ್ವಾಡ್ರನ್ ಶುರುವಾಗಿದ್ದೇ ಇವುಗಳಿಂದ. ಆಮೇಲೆ 6ನೇ ಸ್ಕ್ವಾಡ್ರನ್ ಇವನ್ನು ಸಮುದ್ರದ ಮೇಲಿನ ಕಾವಲಿಗೆ 1968ರವರೆಗೂ ಬಳಸಿತು.

ಎಚ್‌ಎಎಲ್‌ಗೆ ಈ ಧೈರ್ಯ ಸುಮ್ಮನೆ ಬಂದದ್ದಲ್ಲ. ಯುದ್ಧದ ವರ್ಷಗಳಲ್ಲಿ ಆ ಕಾರ್ಖಾನೆ ಅಮೆರಿಕದ ಸೇನೆಯ ವಿಮಾನಗಳ ದೊಡ್ಡ ರಿಪೇರಿ ಕೇಂದ್ರವಾಗಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳು ರಿಪೇರಿಗೆ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ನೊರೆ ಉಕ್ಕಿದ ಆ ಕೆರೆಯನ್ನು ಕಂಡವರಿಗೆ ಇದನ್ನು ನಂಬುವುದು ಕಷ್ಟ ಅಲ್ವಾ?

ಟೂಸಾನ್‌ನ ಲಿಬರೇಟರ್ ಭಾರತದ ಕೊಡುಗೆ. 1969ರಲ್ಲಿ ಭಾರತದಿಂದ ಇಲ್ಲಿಯವರೆಗೆ ಹಾರಿಕೊಂಡೇ ಬಂದಿತು. ನನ್ನ ಜೊತೆಗಿದ್ದ ಮಂಗಳೂರಿನ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ವಿಮಾನವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಹಾಗಾದ್ರೆ ಇದರ ಮೇಲೆ ಭಾರತದ ಗುರುತು ಯಾಕಿಲ್ಲ ಮಾರಾಯ?” ಎಂದ. ನನ್ನ ತಕರಾರೂ ಅದೇ. ಇಂಗ್ಲೆಂಡಿನಿಂದ ಹಾರಿದ ಅಮೆರಿಕನ್ನರನ್ನು ನೆನೆಯುವುದು ಅವರ ಹಕ್ಕು, ಸರಿ. ಆದರೆ ಈ ವಿಮಾನ ಹೆಚ್ಚು ವರ್ಷ ದುಡಿದದ್ದು ನಮ್ಮ ವಾಯುಪಡೆಯ ಗುರುತು ಹೊತ್ತು. ಬಾಲದ ಒಂದು ಬದಿಗಾದರೂ ಅದನ್ನು ಬರೆಯಬಹುದಿತ್ತು.

ಹೊರಗಿನ ಬಯಲಿನಲ್ಲಿ ನೋಡಲು ಬೇಕಾದಷ್ಟಿದೆ. ಆರು ಪ್ರೊಪೆಲರ್ ಹಿಂಬದಿಗೆ ತಿರುಗಿಸಿಕೊಂಡು, ಜೊತೆಗೆ ನಾಲ್ಕು ಜೆಟ್ ಎಂಜಿನ್ ಕೂಡ ಹೊತ್ತ ಬಿ-36 ಬಾಂಬರ್ ಇದೆ. ಎಕ್ಸ್-15 ರಾಕೆಟ್ ವಿಮಾನವನ್ನು ರೆಕ್ಕೆಯ ಕೆಳಗೆ ಒಯ್ಯುತ್ತಿದ್ದ ಬಿ-52 ಬಾಂಬರ್ ಇದೆ. ಕೆನಡಿ ಬಳಸಿದ ಅಧ್ಯಕ್ಷರ ವಿಮಾನವೂ ಇದೆ. ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ಎಂಬ ಬೇಹುಗಾರಿಕೆ ವಿಮಾನ ಹ್ಯಾಂಗರ್ ಒಳಗೆ, ಅದರ ಸುತ್ತ ಯಾವಾಗಲೂ ಜನ ಜಾಸ್ತಿ. ನಡೆದು ಸುಸ್ತಾದರೆ ಟ್ರಾಮ್ ಇದೆ, ಅದರಲ್ಲಿ ಸುತ್ತು ಹಾಕಿಸಿ ವಿವರಿಸುತ್ತಾರೆ. ಆದರೆ ಫೋಟೋ ಬೇಕಿದ್ದರೆ ನಡೆಯುವುದೇ ಸರಿ.

ಇನ್ನು ರಸ್ತೆಯ ಆಚೆಗಿನ ಉಗ್ರಾಣ. ಮೊದಲೆಲ್ಲ ಮ್ಯೂಸಿಯಂನವರೇ ಬಸ್ಸಿನಲ್ಲಿ ಒಳಗೆ ಕರೆದುಕೊಂಡು ಹೋಗುತ್ತಿದ್ದರು. ನಾವು ಹೋದಾಗ ಅದು ನಿಂತಿತ್ತು. ಉಳಿದ ದಾರಿ ಕೋಲ್ಬ್ ರಸ್ತೆ. ಅದು ಉಗ್ರಾಣದ ಮಧ್ಯದಲ್ಲೇ ಹಾದುಹೋಗುತ್ತದೆ, ಎರಡೂ ಬದಿ ಬೇಲಿ, ಬೇಲಿಯಾಚೆ ವಿಮಾನ. ಗಾಡಿ ನಿಲ್ಲಿಸುವಂತಿಲ್ಲ. ಅದಕ್ಕೇ ಬೆಳಗ್ಗೆಯೇ ಗೆಳೆಯನ ಕೈಗೆ ಸ್ಟಿಯರಿಂಗ್ ಕೊಟ್ಟು ನಾನು ಪಕ್ಕದಲ್ಲಿ ಕೂತಿದ್ದೆ. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹೋದರೆ ಎರಡೂ ಬದಿ ಸಿಗುತ್ತದೆ. ಓಡುವ ಕಾರಿನಿಂದ ಬೈನಾಕ್ಯುಲರ್ ಕೆಲಸಕ್ಕೆ ಬಾರದು. ಕ್ಯಾಮೆರಾದಲ್ಲಿ ಸರಸರ ಫೋಟೋ ತೆಗೆದು, ಮನೆಗೆ ಬಂದು ದೊಡ್ಡದು ಮಾಡಿ ನಂಬರ್ ಓದುವುದು ಉತ್ತಮ. ಬೆಳಗ್ಗೆ ಒಂದು ಬದಿಗೆ, ಸಂಜೆ ಇನ್ನೊಂದು ಬದಿಗೆ ಬೆಳಕು ಚೆನ್ನಾಗಿ ಬೀಳುತ್ತದೆ.

ಟೂಸಾನ್ ಅನ್ನೇ ಯಾಕೆ ಆರಿಸಿದರು? ಮಳೆ ಕಡಿಮೆ, ಗಾಳಿ ಒಣ, ತುಕ್ಕು ನಿಧಾನ. ಅದಕ್ಕಿಂತ ಹೆಚ್ಚಾಗಿ ಅಲ್ಲಿನ ಮಣ್ಣು. ಸುಣ್ಣ ಬೆರೆತು ಕಲ್ಲಿನಂತೆ ಗಟ್ಟಿಯಾದ ನೆಲ. ಕಾಂಕ್ರೀಟ್ ಹಾಕದೆಯೇ ಭಾರಿ ಬಾಂಬರ್‌ಗಳನ್ನು ಎಳೆದು ನಿಲ್ಲಿಸಬಹುದು. 1946ರಲ್ಲಿ ಬಿ-29 ಬಾಂಬರ್ ಮತ್ತು ಸಿ-47 ಸಾಗಣೆ ವಿಮಾನಗಳಿಂದ ಶುರುವಾದದ್ದು ಇವತ್ತಿಗೂ ನಡೆಯುತ್ತಿದೆ.

ಬಂದ ವಿಮಾನವನ್ನು ಮೊದಲು ತೊಳೆಯುತ್ತಾರೆ. ಗನ್, ಸೀಟು ಚಿಮ್ಮಿಸುವ ಸಿಡಿಮದ್ದು, ಗುಟ್ಟಿನ ಉಪಕರಣಗಳನ್ನು ತೆಗೆಯುತ್ತಾರೆ. ಇಂಧನ ಖಾಲಿ ಮಾಡಿ, ಕೊಳವೆಗಳಲ್ಲಿ ತೆಳು ಎಣ್ಣೆ ಓಡಿಸಿ ಪದರ ಕೂರಿಸುತ್ತಾರೆ. ಆಮೇಲೆ ಕಾಕ್‌ಪಿಟ್ ಮತ್ತು ಸಂದುಗಳ ಮೇಲೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಲೇಪ. ದೂರದಿಂದ ನೋಡಿದರೆ ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಹಾಗೆ. ಬಿಳಿ ಬಣ್ಣ ಬಿಸಿಲನ್ನು ತಿರುಗಿಸಿ ಒಳಗಿನ ಸೆಕೆ ಕಡಿಮೆ ಮಾಡುತ್ತದೆ. ಹೊಟ್ಟೆಯ ಭಾಗವನ್ನು ಮಾತ್ರ ಪೂರ್ತಿ ಮುಚ್ಚುವುದಿಲ್ಲ. ಒಳಗೆ ತೇವ ನಿಲ್ಲದೆ ಗಾಳಿ ಆಡಬೇಕಲ್ಲ.

ಇಲ್ಲಿಗೆ ಬಂದದ್ದೆಲ್ಲ ಗುಜರಿಗೆ ಎಂದು ತಿಳಿಯಬೇಡಿ. ‘ಗೋಸ್ಟ್ ರೈಡರ್’ ಎಂಬ ಬಿ-52 2008ರಲ್ಲಿ ಇಲ್ಲಿ ಬಂದು ನಿಂತು, 2015ರಲ್ಲಿ ಎದ್ದು ಹಾರಿ ಮತ್ತೆ ಸೇವೆಗೆ ಹೋಯಿತು. ಅದೇ ಬಯಲಿನಲ್ಲಿ 365 ಬಿ-52ಗಳು, ಅಣ್ವಸ್ತ್ರ ಕಡಿತಕ್ಕೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಮಾಡಿಕೊಂಡ ಸ್ಟಾರ್ಟ್ ಒಪ್ಪಂದದಂತೆ ತುಂಡಾದವು. ಕ್ರೇನ್‌ನಿಂದ ಸುಮಾರು 6 ಟನ್ ತೂಕದ ಅಲಗನ್ನು ಬೀಳಿಸಿ ಕತ್ತರಿಸಿದರು. ರಷ್ಯದ ಉಪಗ್ರಹಗಳು ನೋಡಿ ಖಚಿತಪಡಿಸಿಕೊಳ್ಳಲಿ ಎಂದು ತುಂಡುಗಳನ್ನು ಮೂರು ತಿಂಗಳು ಹಾಗೇ ಬಿಟ್ಟಿದ್ದರು.

ಅಮೆರಿಕಕ್ಕೆ ಬರಲಾಗದಿದ್ದರೂ ಬೆಂಗಳೂರಿನ ಲಿಬರೇಟರ್ ನೋಡಬಹುದು. ಒಟ್ಟು 18,000ಕ್ಕೂ ಹೆಚ್ಚು ತಯಾರಾಗಿ ಈಗ ಬೆರಳೆಣಿಕೆಯಷ್ಟೇ ಉಳಿದಿರುವ ಈ ವಿಮಾನಗಳಲ್ಲಿ ಹಲವು ಎಚ್‌ಎಎಲ್ ಕೈಯಲ್ಲಿ ಹಾದುಹೋದವೇ. ಒಂದು ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿದೆ, ಒಂದು ಕೆನಡಾದ ಒಟ್ಟಾವಾದಲ್ಲಿದೆ, ಒಂದು ದೆಹಲಿಯ ಪಾಲಂನ ವಾಯುಪಡೆ ಮ್ಯೂಸಿಯಂನಲ್ಲಿದೆ. ಒಟ್ಟಾವಾದ್ದು ವಿನಿಮಯದಲ್ಲಿ ಹೋದದ್ದು. ಅದಕ್ಕೆ ಬದಲಾಗಿ ಕೆನಡಾದವರು ಲೈಸಾಂಡರ್ ಎಂಬ ವಿಮಾನ ಕೊಟ್ಟರು. ಅದೂ ಪಾಲಂನಲ್ಲೇ ಇದೆ. ದೆಹಲಿಗೆ ಹೋದಾಗ ಎರಡನ್ನೂ ನೋಡಿಕೊಂಡು ಬನ್ನಿ.